ಸ್ಪೀಕರ್ ಬದಲಿಸುವ ಮೊದಲು



ಮನೆಯ ಕಂಪ್ಯೂಟರಿಗೆ ಜೋಡಿಸಿದ ಅಗ್ಗದ ಸ್ಪೀಕರುಗಳಿಂದ, ಹೆಚ್ಚು ಹಣ ಸುರಿಯದೆ, ಒಳ್ಳೆಯ ಧ್ವನಿಯನ್ನು ಪಡೆಯುವುದು ಹೇಗೆ ಎಂಬುದನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆಂದಿದ್ದೇನೆ. ಇದೇನು ಅಂಥ ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು, ಗೊಳಸಂಗಿಯ ಆ ಮನೆಗೆ ಹೋಗುವವರೆಗೆ.

ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯಲ್ಲಿ ನನಗೆ ಪರಿಚಯದವರ ಮನೆಯೊಂದಿದೆ. ಆ ಮನೆಯ ಹಿರಿಯ ಮಗ ಹಳೆಯ ಕ್ಯಾಸೆಟ್ಟೊಂದನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ತೀರಿಹೋದ ಅವನ ತಾಯಿ ಬೀಸುಕಲ್ಲಿನ ಮುಂದೆ ಕುಳಿತು ಹಾಡಿದ ಪದಗಳು ಅದರಲ್ಲಿದ್ದವು. ಅವು ಬೇರೆಲ್ಲಿಯೂ ಬರೆದಿಟ್ಟ ಪದಗಳಲ್ಲ. 'ಅವ್ವನ ದನಿ ಅನ್ನೂದು ಗೊತ್ತಾಗತೈತ್ರಿ ಸರ್. ಆದ್ರ ಏನ್ ಹಾಡ್ಯಾಳ ಅನ್ನೂದು ತಿಳಿಯಂಗಿಲ್ರಿ. ಕ್ಯಾಸೆಟ್ಟ ಕೆಟ್ಟಂಗ ಕಾಣತೈತ್ರಿ' ಎಂದ. ಕ್ಯಾಸೆಟ್ಟು ಕೆಟ್ಟಿಲ್ಲವಾದರೆ ಸಾಲ ಮಾಡಿಯಾದರೂ ದೊಡ್ಡ ಸ್ಪೀಕರ್ ತರುವುದು ಅವನ ವಿಚಾರವಾಗಿತ್ತು. 'ತಡಿಯಪ್ಪಾ, ಮೊದಲು ಇರೋದನ್ನ ನೋಡೋಣ' ಎಂದೆ.

ನೋಡಿದರೆ ಮೇಜಿನ ಮೇಲೆ ಎರಡು ಸಣ್ಣ ಸ್ಪೀಕರುಗಳು, ಮೇಜಿನ ಕೆಳಗೆ ಗೋಡೆಯ ಮೂಲೆಗೆ ಒತ್ತಿ ಇಟ್ಟ ಒಂದು ವೂಫರ್ ಪೆಟ್ಟಿಗೆ. ವೂಫರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದರು. ಸಣ್ಣ ಸ್ಪೀಕರುಗಳಲ್ಲಿ ಒಂದು ಮಾನಿಟರಿನ ಹಿಂದೆ ಅಡಗಿತ್ತು, ಇನ್ನೊಂದು ಕಿಟಕಿಯತ್ತ ಮುಖ ಮಾಡಿತ್ತು. ಕೋಣೆ ಹೊಸದು. ಸಿಮೆಂಟಿನ ಗೋಡೆ, ಮೇಲೆ ಕಾಂಕ್ರೀಟು, ಕೆಳಗೆ ನುಣುಪು ಕಲ್ಲಿನ ನೆಲ. ಒಂದು ಪರದೆಯೂ ಇರಲಿಲ್ಲ. ದೋಷ ಕ್ಯಾಸೆಟ್ಟಿನಲ್ಲಿ ಅಲ್ಲ, ಇಲ್ಲೇ ಇದೆ ಎಂಬ ಸಂಶಯ ನನಗೆ ಆಗಲೇ ಬಂದಿತು.

ವಿಜಯಪುರದ ಗೋಳಗುಮ್ಮಟವನ್ನು ನೀವು ನೋಡಿರುತ್ತೀರಿ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳಿಸುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರುದನಿಗೊಳ್ಳುತ್ತದೆ. ಸರ್ ಸಿ.ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಪಿಸುಮಾತಿನ ಮೊಗಸಾಲೆಗಳ ಅಧ್ಯಯನ ನಡೆಸಿದಾಗ ನಮ್ಮ ಗೋಳಗುಮ್ಮಟವೂ ಅದರಲ್ಲಿ ಸೇರಿತ್ತು. ಗಟ್ಟಿಯಾದ, ನುಣುಪಾದ ಮೈ ಸದ್ದನ್ನು ಹೀರದೆ ಹಿಂದಕ್ಕೆ ಕಳಿಸುತ್ತದೆ. ಗುಮ್ಮಟದಲ್ಲಿ ಅದು ವಿಸ್ಮಯ. ಆದರೆ ಅಲ್ಲಿ ನಾಲ್ಕು ಮಂದಿ ಕೂಡಿ ಮಾತನಾಡಿದರೆ ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ ಎಂಬುದನ್ನೂ ನೀವು ಗಮನಿಸಿರಬಹುದು. ನಮ್ಮ ಖಾಲಿ ಸಿಮೆಂಟು ಕೋಣೆಗಳು ಚಿಕ್ಕ ಪ್ರಮಾಣದ ಗುಮ್ಮಟಗಳೇ. ಒಂದು ಅಕ್ಷರದ ಮರುದನಿ ಅಡಗುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಅದೇ ಕೌದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿಯಂಥ ದಪ್ಪ ಬಟ್ಟೆ ಮಾತಿನ ಮೇಲುದನಿಗಳನ್ನು ಚೆನ್ನಾಗಿ ಹೀರುತ್ತದೆ. ನೀವು ಕುಳಿತುಕೊಳ್ಳುವ ಜಾಗದ ಹಿಂದಿನ ಗೋಡೆಗೆ ಒಂದು, ಪಕ್ಕದ ಗೋಡೆಗೆ ಒಂದು ತೂಗುಹಾಕಿರಿ. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಅಂತರ ಬಿಟ್ಟರೆ ಇನ್ನೂ ಒಳ್ಳೆಯದು. ನೆಲಕ್ಕೆ ಒಂದು ಜಮಖಾನೆ ಹಾಸಿರಿ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ ನೋಡಿದರೆ ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ.

ಎರಡನೆಯ ಮಾತು ಸ್ಪೀಕರ್ ಇಡುವ ಜಾಗವನ್ನು ಕುರಿತದ್ದು. ಎರಡು ಸ್ಪೀಕರುಗಳು ಮತ್ತು ನಿಮ್ಮ ತಲೆ, ಈ ಮೂರೂ ಸಮಬಾಹು ತ್ರಿಕೋನದ ಮೂರು ಮೂಲೆಗಳಂತಿರಬೇಕು. ಸ್ಪೀಕರುಗಳ ಮುಖ ನಿಮ್ಮ ಕಿವಿಯತ್ತ ತಿರುಗಿರಬೇಕು. ಮೇಜಿನ ಮೇಲೆ ತಗ್ಗಿನಲ್ಲಿದ್ದರೆ ಅಡಿಯಲ್ಲಿ ಎರಡು ದಪ್ಪ ಪುಸ್ತಕ ಇಟ್ಟು ಕಿವಿಯ ಮಟ್ಟಕ್ಕೆ ಏರಿಸಿರಿ. ಏಕೆಂದರೆ ಸ್ವರಗಳಿಗಿಂತ ವ್ಯಂಜನಗಳೇ ಮಾತನ್ನು ಬಿಡಿಸಿ ತಿಳಿಸುವುವು. ಅವುಗಳ ಹೆಚ್ಚಿನ ಗುರುತುಗಳಿರುವುದು 2000 ಹರ್ಟ್ಸ್ ಮತ್ತು ಅದರಿಂದ ಮೇಲೆ. ಈ ಮೇಲುದನಿಗಳು ಟಾರ್ಚಿನ ಬೆಳಕಿನಂತೆ ಮುಖವಿದ್ದ ಕಡೆಗೇ ಹೆಚ್ಚಾಗಿ ಹೋಗುತ್ತವೆ. ಕಿಟಕಿಗೆ ಮುಖ ಮಾಡಿದ ಸ್ಪೀಕರು ಆ ತಾಯಿಯ ಮಾತನ್ನು ಓಣಿಗೆ ಹೇಳುತ್ತಿತ್ತು, ಮಗನಿಗಲ್ಲ!

ಮೂರನೆಯದು ವೂಫರ್. ಇಳಿದನಿಗಳ ನಡೆಯೇ ಬೇರೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ 100 ಹರ್ಟ್ಸಿನ ದನಿಯ ಒಂದು ಅಲೆ ಸುಮಾರು ಮೂರೂವರೆ ಮೀಟರ್ ಉದ್ದವಿರುತ್ತದೆ. ಅಷ್ಟು ಉದ್ದದ ಅಲೆ ಎಲ್ಲ ದಿಕ್ಕಿಗೂ ಹರಡುತ್ತದೆ. ವೂಫರನ್ನು ಮೂಲೆಯಲ್ಲಿಟ್ಟರೆ ಎರಡು ಗೋಡೆ ಮತ್ತು ನೆಲ ಸೇರಿ ಅದನ್ನು ಇನ್ನಷ್ಟು ಬಲಗೊಳಿಸುತ್ತವೆ. ಕೌದಿ ಇದನ್ನು ತಡೆಯಲಾರದು, ಜಾಗ ಬದಲಿಸುವುದೊಂದೇ ದಾರಿ. ಜೋರಾದ ಇಳಿದನಿ ಮೇಲುದನಿಗಳನ್ನು ಮುಚ್ಚಿಹಾಕುತ್ತದೆಂಬುದನ್ನೂ ಮರೆಯಬಾರದು. ಆ ಕ್ಯಾಸೆಟ್ಟಿನಲ್ಲಿ ಬೀಸುಕಲ್ಲಿನ ಗುಡುಗು ಮೊದಲೇ ಇತ್ತು. ಮೂಲೆಯೂ ವೂಫರಿನ ಗುಂಡಿಯೂ ಸೇರಿ ಕಲ್ಲನ್ನು ಬೆಳೆಸಿ, ಹಾಡನ್ನು ನುಂಗಿದ್ದವು. ಮಾತು, ಹಾಡು ಕೇಳುವಾಗ ವೂಫರನ್ನು ಮೂಲೆಯಿಂದ ಎರಡಡಿ ಈಚೆಗೆ ತಂದು, ಗುಂಡಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿರಿ.

ನಾಲ್ಕನೆಯದು ಕಂಪ್ಯೂಟರಿನೊಳಗಿನ ಕೆಲಸ. ಹಾಡು ನುಡಿಸುವ ಬಹಳಷ್ಟು ತಂತ್ರಾಂಶಗಳಲ್ಲಿ ಈಕ್ವಲೈಜರ್ ಇರುತ್ತದೆ. ಉಚಿತವಾಗಿ ದೊರೆಯುವ ವಿ.ಎಲ್.ಸಿ.ಯಲ್ಲೂ ಇದೆ. ಬೇಕಾದ ದನಿಯನ್ನು ಏರಿಸುವುದಕ್ಕಿಂತ ಬೇಡವಾದುದನ್ನು ಇಳಿಸುವುದೇ ಜಾಣತನ. ಏರಿಸುತ್ತಾ ಹೋದರೆ ಸಣ್ಣ ಸ್ಪೀಕರು ಒಡಕು ದನಿ ತೆಗೆಯುತ್ತದೆ. ಕಂಪ್ಯೂಟರಿನ ಧ್ವನಿಮಟ್ಟವನ್ನು ಮುಕ್ಕಾಲಿಗಿಂತ ಮೇಲಿಟ್ಟು, ಸ್ಪೀಕರಿನ ಗುಂಡಿಯಿಂದ ಹದ ಮಾಡಿಕೊಳ್ಳಿರಿ. ಇದು ತಿರುಗುಮುರುಗಾದರೆ ಹಾಡಿಗಿಂತ ಸುಯ್ಯೆನ್ನುವ ಸದ್ದೇ ಹೆಚ್ಚು ಕೇಳುತ್ತದೆ.

ಗುಂಯ್ ಎಂಬ ಸದ್ದು ಬರುತ್ತಿದ್ದರೆ ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿರಿ. ಸದ್ದಿನ ತಂತಿಯನ್ನು ವಿದ್ಯುತ್ ತಂತಿಯ ಜೊತೆ ಹೆಣೆಯಬೇಡಿರಿ. ಗುಂಯ್ಗುಡುವುದು ನಿಲ್ಲಲೆಂದು ಪ್ಲಗ್ಗಿನ ಅರ್ಥಿಂಗ್ ಪಿನ್ನನ್ನು ಮುರಿಯುವವರಿದ್ದಾರೆ. ಅದು ಜೀವಕ್ಕೆ ಅಪಾಯ, ಖಂಡಿತ ಕೂಡದು. ಮೌಸ್ ಅಲುಗಿಸಿದಾಗಲೆಲ್ಲ ಚರಚರ ಸದ್ದು ಬಂದರೆ ಕೆಲವು ನೂರು ರೂಪಾಯಿಯ ಯು.ಎಸ್.ಬಿ. ಸೌಂಡ್ ಕಾರ್ಡ್ ಬಹಳ ಸಲ ಅದನ್ನು ನಿವಾರಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ತೃಪ್ತಿಯಾಗದಿದ್ದರೆ ಆಗ ಕೊಳ್ಳುವ ವಿಚಾರ. ಪೆಟ್ಟಿಗೆಯ ಮೇಲೆ ಪಿ.ಎಂ.ಪಿ.ಒ. ಎಂದು ಸಾವಿರಾರು ವ್ಯಾಟ್ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿರಿ. ಆರ್.ಎಂ.ಎಸ್. ವ್ಯಾಟ್ ಎಷ್ಟೆಂದು ಕೇಳಿರಿ. ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಮನೆಯ ಅಟ್ಟದಲ್ಲಿ ಹಳೆಯ ಸ್ಟೀರಿಯೋ ಇದ್ದು, ಅದಕ್ಕೆ 'ಆಕ್ಸ್' ಎಂಬ ರಂಧ್ರವಿದ್ದರೆ ಒಂದು ಅಗ್ಗದ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಬಹುದು. ಅದರ ದೊಡ್ಡ ಮರದ ಪೆಟ್ಟಿಗೆಗಳು ಹೊಸ ಪ್ಲಾಸ್ಟಿಕ್ ಡಬ್ಬಿಗಳಿಗಿಂತ ಎಷ್ಟೋ ಸಲ ಮೇಲು. ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿ ಕೂಡಿಸಿರಿ. ಒಂದು ಕಡೆ ಅದಲುಬದಲಾದರೆ ಎರಡು ಸ್ಪೀಕರುಗಳ ಇಳಿದನಿ ಒಂದನ್ನೊಂದು ಕೊಂದುಕೊಳ್ಳುತ್ತದೆ.

ಇನ್ನೊಂದು ಮಾತು. ನಿಮ್ಮಲ್ಲೂ ಇಂಥ ಕ್ಯಾಸೆಟ್ಟುಗಳಿದ್ದರೆ ಅವನ್ನು ಸ್ಪೀಕರಿನ ಮೇಲೆ ಇಡಬೇಡಿರಿ. ಒಳಗಿನ ಅಯಸ್ಕಾಂತ ಧ್ವನಿಮುದ್ರಣವನ್ನು ಕೆಡಿಸಬಹುದು. ಕಂಪ್ಯೂಟರಿಗೆ ಇಳಿಸಿದ ಮೂಲ ಪ್ರತಿಯನ್ನು ಹಾಗೆಯೇ ಎತ್ತಿಟ್ಟು, ತಿದ್ದುವುದೇನಿದ್ದರೂ ನಕಲಿನ ಮೇಲೆ ಮಾಡಿರಿ.

ಗೊಳಸಂಗಿಯಲ್ಲಿ ಅಂದು ನಾವು ಒಂದು ರೂಪಾಯಿಯನ್ನೂ ಖರ್ಚು ಮಾಡಲಿಲ್ಲ. ಎರಡು ಕೌದಿ ಕಟ್ಟಿದೆವು, ನಾಲ್ಕು ಪುಸ್ತಕ ಇಟ್ಟೆವು, ವೂಫರನ್ನು ಈಚೆಗೆ ಎಳೆದೆವು. ಕೌದಿಗಳು ಆ ತಾಯಿಯೇ ಹೊಲಿದವು. ಟೇಪಿನ ಸುಯ್ಯೆನ್ನುವ ಸದ್ದು ಹೋಗಲಿಲ್ಲ, ಅದು ಹೋಗುವಂಥದ್ದೂ ಅಲ್ಲ. ಆದರೆ ಕಲ್ಲಿನ ಸದ್ದು ಹಿಂದೆ ಸರಿದು ಹಾಡಿನ ಮಾತುಗಳು ಒಂದೊಂದಾಗಿ ಮುಂದೆ ಬಂದವು. ಬಾಗಿಲಲ್ಲಿ ನಿಂತಿದ್ದ ಅವನ ಸೋದರತ್ತೆ ಒಳಗೆ ಬಂದು ಕುಳಿತು, 'ಇದು ನಮ್ಮ ವೈನಿ ನನ್ನ ಲಗ್ನದಾಗ ಕಟ್ಟಿ ಹಾಡಿದ ಪದಾ' ಎಂದರು. ಮಗ ನೋಟುಪುಸ್ತಕ ತಂದು ಬರೆದುಕೊಳ್ಳತೊಡಗಿದ. ಎರಡು ಸಾಲುಗಳಲ್ಲಿ ಅವನು ತಪ್ಪಾಗಿ ಕೇಳಿಸಿಕೊಂಡ ಮಾತನ್ನು ಅತ್ತೆಯೇ ತಿದ್ದಿದರು.

ಹೊಸ ಸ್ಪೀಕರು ಇವತ್ತಲ್ಲ ನಾಳೆ ಕೊಂಡರಾಯಿತು. ಹಾಡನ್ನು ತಿದ್ದಿ ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ, ಇರುವ ಸ್ಪೀಕರನ್ನು ಸರಿಯಾಗಿ ಇಟ್ಟುಕೊಂಡು ಕೇಳಿರಿ.