ಎಸಿ ಹಾಕಿದರೆ ಕಾರೇಕೆ ನಡುಗುತ್ತದೆ?

ಮಕ್ಕಳೇ, ಮನೆಯಲ್ಲಿ ಪೆಟ್ರೋಲ್ ಕಾರಿದ್ದರೆ ದೊಡ್ಡವರನ್ನು ಜೊತೆಗೆ ಕೂರಿಸಿಕೊಂಡು ಒಂದು ಪುಟ್ಟ ಪರೀಕ್ಷೆ ಮಾಡಿ. ಕಾರು ಬಯಲಲ್ಲಿ ನಿಂತಿರಲಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಮುಚ್ಚಿದ ಶೆಡ್ಡಿನಲ್ಲಂತೂ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಗೊತ್ತೇ ಆಗದಂತೆ ಪ್ರಾಣ ತೆಗೆಯುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಆರ್‌ಪಿಎಂ ಮುಳ್ಳು ನೋಡಿ. ಸಾಮಾನ್ಯವಾಗಿ 700ರಿಂದ 900ರ ನಡುವೆ ನಿಂತಿರುತ್ತದೆ. ಈಗ ಎಸಿ ಗುಂಡಿ ಒತ್ತಿ. ಬಹಳಷ್ಟು ಕಾರುಗಳಲ್ಲಿ ಬಾನೆಟ್ಟಿನ ಒಳಗಿಂದ 'ಟಕ್' ಎಂದು ಸದ್ದು ಬರುತ್ತದೆ. ಮುಳ್ಳು ಒಂದಿಷ್ಟು ಬಾಗಿ, ಕೂಡಲೇ ಎದ್ದು, ಮೊದಲಿದ್ದ ಜಾಗದಲ್ಲೋ ಅದಕ್ಕಿಂತ ತುಸು ಮೇಲೋ ನಿಲ್ಲುತ್ತದೆ.

ಆ 'ಟಕ್' ಎಸಿಯ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಕ್ಲಚ್ಚಿನದು. ಎಂಜಿನ್ನಿನಿಂದ ಬಂದ ಬೆಲ್ಟು ಕಂಪ್ರೆಸರಿನ ಪುಲ್ಲಿಯನ್ನು ಸದಾ ತಿರುಗಿಸುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ವಿದ್ಯುತ್ ಹರಿದು ಕ್ಲಚ್ಚು ಅಯಸ್ಕಾಂತವಾಗಿ ಪುಲ್ಲಿಗೆ ಅಂಟಿಕೊಳ್ಳುತ್ತದೆ. ಕಂಪ್ರೆಸರ್ ಒಳಗೆ ಗ್ಯಾಸನ್ನು ಒತ್ತತೊಡಗುತ್ತದೆ. ಹಳೆಯ ಸೈಕಲ್ಲಿನಲ್ಲಿ ದೀಪ ಉರಿಸುತ್ತಿದ್ದ ಡೈನಮೊವನ್ನು ಚಕ್ರಕ್ಕೆ ತಾಗಿಸಿದ ಕ್ಷಣ ಪೆಡಲ್ ಭಾರವಾಗುತ್ತಿತ್ತಲ್ಲ, ಹಾಗೆಯೇ ಈಗ ಎಂಜಿನ್ನಿಗೂ ಭಾರ ಬಿದ್ದು ಕಾರು ತುಸು ನಡುಗುತ್ತದೆ, ಮುಳ್ಳು ಬಾಗುತ್ತದೆ. ಸೈಕಲ್ಲಿನಲ್ಲಾದರೆ ತುಳಿಯುವವರು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದರು. ಕಾರಿನಲ್ಲಿ ಆ ಕೆಲಸ ಇಸಿಎಂ ಎಂಬ ಪುಟ್ಟ ಕಂಪ್ಯೂಟರಿನದು. ಎಸಿ ಬೇಕೆಂಬ ಸುದ್ದಿ ತಲುಪಿದ ಕೂಡಲೇ ಅದು ಎಂಜಿನ್ನಿಗೆ ಇನ್ನೊಂದಿಷ್ಟು ಗಾಳಿ ಬಿಡುತ್ತದೆ, ಗಾಳಿಗೆ ತಕ್ಕಷ್ಟು ಪೆಟ್ರೋಲೂ ಸೇರುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ 800 ಆರ್‌ಪಿಎಂನಲ್ಲಿದ್ದರೆ ಸುತ್ತಿಗೆ ಎರಡು ಸಲದಂತೆ ನಿಮಿಷಕ್ಕೆ 1600 ಸಲ, ಅಂದರೆ ಸೆಕೆಂಡಿಗೆ ಸುಮಾರು 27 ಸಲ ಒಳಗೆ ಇಂಧನ ಉರಿಯುತ್ತದೆ. ಬೆಂಕಿ ಇಷ್ಟು ಬೇಗಬೇಗ ಹೊತ್ತುವುದರಿಂದಲೇ ಮುಳ್ಳು ಅಷ್ಟು ಚುರುಕಾಗಿ ಮೇಲೇಳುವುದು.

ಆದ್ದರಿಂದ ಮುಳ್ಳು ಬಾಗಿದ್ದು ರೋಗವಲ್ಲ. ಬಾಗಿದ್ದು ಏಳದಿದ್ದರೆ, ಅಥವಾ ಎಂಜಿನ್ ನಡುಗಿ ನಿಂತೇಹೋದರೆ ಹುಡುಕಬೇಕು. ಗಾಳಿ ಒಳಗೆ ಹೋಗುವ ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿಕೊಂಡರೆ ಇಸಿಎಂ ಕೇಳಿದಷ್ಟು ಗಾಳಿ ಸಿಗುವುದಿಲ್ಲ. ಹಳೆಯ ಸ್ಪಾರ್ಕ್ ಪ್ಲಗ್ಗಿದ್ದರೂ ಹೀಗಾಗಬಹುದು. ಮುಳ್ಳು ನೆಟ್ಟಗಿದ್ದೂ ಸ್ಟೀರಿಂಗ್ ಗಡಗಡ ನಡುಗಿದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಸವೆದಿದೆಯೇ ನೋಡುತ್ತಾರೆ.

ನನಗೆ ಬಹಳ ಇಷ್ಟವಾದ ಒಗಟು ಬೇರೆಯದು. ಕಾರು ಓಡುವಾಗ ಎಲ್ಲ ಸರಿ, ತಂಪೂ ಚೆನ್ನಾಗಿದೆ. ಮಧ್ಯಾಹ್ನದ ಬಿಸಿಲಲ್ಲಿ ಸಿಗ್ನಲ್ಲಿಗೆ ಬಂದು ನಿಂತರೆ ಗಾಳಿ ಬೆಚ್ಚಗಾಗುತ್ತದೆ, ಎಂಜಿನ್ ಏದುಸಿರು ಬಿಡುತ್ತದೆ. ಯಾಕೆ? ಗ್ಯಾಸು ಒಳಗಿನ ಬಿಸಿಯನ್ನು ಹೊತ್ತು ತಂದು ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರಿನಲ್ಲಿ ಇಳಿಸಬೇಕು. ಓಡುವಾಗ ಎದುರುಗಾಳಿ ಅದನ್ನು ಒಯ್ಯುತ್ತದೆ. ನಿಂತಾಗ ಫ್ಯಾನೇ ಗತಿ. ಫ್ಯಾನು ತಿರುಗದಿದ್ದರೆ ಬಿಸಿ ಅಲ್ಲೇ ಉಳಿದು ಪೈಪಿನೊಳಗಿನ ಒತ್ತಡ ಏರುತ್ತದೆ. ಕಂಪ್ರೆಸರ್ ತಿರುಗಿಸುವುದು ಎಂಜಿನ್ನಿಗೆ ಇನ್ನೂ ಭಾರವಾಗುತ್ತದೆ. ಒತ್ತಡ ಮಿತಿ ಮೀರಿದರೆ ಪ್ರೆಶರ್ ಸ್ವಿಚ್ ಕ್ಲಚ್ಚನ್ನೇ ಬಿಡಿಸಿಬಿಡುತ್ತದೆ.

ಇಂಥ ಕಾರಿಗೂ 'ಗ್ಯಾಸ್ ಕಮ್ಮಿ ಇದೆ, ತುಂಬಿಸಿ' ಎನ್ನುವವರಿದ್ದಾರೆ. ಅಳತೆ ಮೀರಿ ಗ್ಯಾಸು ತುಂಬಿದರೆ ಒತ್ತಡ ಹೆಚ್ಚಿ ಎಂಜಿನ್ನಿನ ಪಾಡು ಇನ್ನಷ್ಟು ಕೆಡುತ್ತದೆ. ಮೊದಲು ಫ್ಯಾನು ನೋಡುವುದು ಜಾಣತನ. ಅದನ್ನು ಮೆಕ್ಯಾನಿಕ್ಕೇ ನೋಡಲಿ. ಓಡುತ್ತಿರುವ ಬೆಲ್ಟು, ಫ್ಯಾನಿನ ಹತ್ತಿರ ನಿಮ್ಮ ಕೈ ಹೋಗಬಾರದು.

ಹಾಂ, ಎಸಿ ಹಾಕಿ ಸುಮ್ಮನೆ ಕೂತಾಗಲೂ ಆಗಾಗ 'ಟಕ್' ಎಂದು ಮುಳ್ಳು ಅಲುಗಿದರೆ ಗಾಬರಿ ಬೇಡ. ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟದಿರಲೆಂದು ಕಂಪ್ರೆಸರನ್ನು ನಡುನಡುವೆ ನಿಲ್ಲಿಸಿ ಮತ್ತೆ ಹಚ್ಚುವ ಏರ್ಪಾಡದು.

ಕಾರನ್ನು ಗ್ಯಾರೇಜಿಗೆ ಒಯ್ದಾಗ 'ಎಸಿ ಸರಿಯಿಲ್ಲ' ಎಂದಷ್ಟೇ ಹೇಳಬೇಡಿ. ನಡುಕ ನಿಂತಾಗ ಬರುತ್ತದೋ ಓಡುವಾಗಲೋ, ಗುಂಡಿ ಒತ್ತಿದ ಕೂಡಲೋ ಸ್ವಲ್ಪ ಹೊತ್ತಿನ ಮೇಲೋ, ಮುಳ್ಳು ಎಲ್ಲಿಗೆ ಇಳಿಯಿತು ಎಂಬುದನ್ನೆಲ್ಲ ಬರೆದುಕೊಂಡು ಹೋಗಿ ಹೇಳಿ.