ಕೂಸಿಗೊಂದು ಹೆಸರು

ಅಟ್ಟದ ಮೇಲಿದ್ದ ತೊಟ್ಟಿಲು ಇತ್ತೀಚೆಗೆ ನಮ್ಮ ಮನೆಯ ನಡುಮನೆಗೆ ಇಳಿದು ಬಂದಿತು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೂಸು ಹೆಣ್ಣು. ಹೆಣ್ಣಾದರೆ ಅನನ್ಯ ಎಂದು ಹೆಸರಿಡುವುದಾಗಿ ಮಗಳೂ ಅಳಿಯನೂ ಮೊದಲೇ ನಿಶ್ಚಯಿಸಿದ್ದರು. ಕೂಸನ್ನು ನೋಡಲು ಬಂದ ಮಗಳ ಗೆಳತಿ ಆ ಹೆಸರು ಕೇಳಿ ನಕ್ಕಳು. ಅವಳ ಮಗಳ ತರಗತಿಯಲ್ಲಿ ಮೂವರು ಅನನ್ಯರಿದ್ದಾರಂತೆ. ಉಪಾಧ್ಯಾಯಿನಿ ಅವರನ್ನು ಅನನ್ಯ ಕೆ., ಅನನ್ಯ ಎಸ್., ಚಿಕ್ಕ ಅನನ್ಯ ಎಂದು ಕೂಗುತ್ತಾರಂತೆ. ಸಾಟಿಯಿಲ್ಲದವಳು ಎಂಬ ಅರ್ಥಕ್ಕಾಗಿ ಆರಿಸಿದ ಹೆಸರು ಇನಿಷಿಯಲ್ಲಿನ ಊರುಗೋಲಿಲ್ಲದೆ ನಿಲ್ಲಲಾರದಾಯಿತು! ಗೆಳತಿ ಹೋದ ಮೇಲೆ ಮಗಳು ನನ್ನತ್ತ ತಿರುಗಿ, "ಅಪ್ಪಾ, ಇಷ್ಟು ವರ್ಷ ಕನ್ನಡ ಪಾಠ ಹೇಳಿದವರು ನೀವು. ಬೇರೊಂದು ಹೆಸರು ಹೇಳಿ" ಎಂದಳು.

ಒಂದು ಹೆಸರು ಊರಿಗೆಲ್ಲ ಹಬ್ಬುವುದು ಹೊಸದೇನೂ ಅಲ್ಲ. ಕಾಲೇಜಿನ ಹಾಜರಿ ಪುಸ್ತಕವನ್ನು ಮೂರು ದಶಕ ಓದಿದವನಿಗೆ ಅದೇ ಒಂದು ಪಂಚಾಂಗ. ನಾನು ಸೇರಿದ ವರ್ಷಗಳಲ್ಲಿ ಗೀತಾ, ಲತಾ, ಸುಮಾ. ಬಳಿಕ ಕವಿತಾ, ಸವಿತಾ. ಆಮೇಲೆ ರಮ್ಯ, ಶ್ವೇತಾ. ನಿವೃತ್ತಿಯ ಹೊತ್ತಿಗೆ ಐಶ್ವರ್ಯ, ಸ್ನೇಹಾ. ಪ್ರತಿಯೊಂದು ಹೆಸರೂ ಹೊಸದೆಂದೇ ಮನೆಗೆ ಬಂದದ್ದು. ನೂರು ಮನೆಗಳು ಒಟ್ಟಿಗೆ ಹೊಸತನ್ನು ಬಯಸಿದಾಗ ಆ ಹೊಸತು ಹತ್ತು ವರ್ಷಗಳಲ್ಲಿ ಸಾಮಾನ್ಯವಾಗುತ್ತದೆ.

ಅನನ್ಯ ಎಂಬ ಶಬ್ದವನ್ನೇ ನೋಡಿ. ಅನ್ಯವಲ್ಲದ್ದು, ಅನ್ಯವಿಲ್ಲದ್ದು ಅನನ್ಯ. ಭಗವದ್ಗೀತೆಯಲ್ಲಿ ಅದು ಬೇರೆಲ್ಲಿಯೂ ಹರಿಯದೆ ಒಂದೆಡೆ ನೆಲೆನಿಂತ ಭಕ್ತಿಯನ್ನು ಹೇಳುವ ಮಾತು. ಇಂದು ತಾಯ್ತಂದೆಯರು ಅದರಲ್ಲಿ ಕಾಣುವುದು 'ಇವಳಂತೆ ಮತ್ತೊಬ್ಬಳಿಲ್ಲ' ಎಂಬ ಹೆಮ್ಮೆಯನ್ನು. ಒಲಿಯುವ ಗುಣವನ್ನು ಹೇಳುತ್ತಿದ್ದ ಪದ ಮಿಗಿಲೆನಿಸುವ ಆಸೆಯ ಪದವಾಯಿತು.

ಹಾಗಾದರೆ ಹೊಸ ಹೆಸರನ್ನು ಎಲ್ಲಿ ಹುಡುಕಬೇಕು? ಧರ್ಮಶಾಸ್ತ್ರಕಾರರು ಸುಮ್ಮನಿದ್ದವರಲ್ಲ. ಹೆಣ್ಣಿನ ಹೆಸರಿನಲ್ಲಿ ಬೆಸ ಸಂಖ್ಯೆಯ ಅಕ್ಷರಗಳಿರಲಿ ಎಂದು ಗೃಹ್ಯಸೂತ್ರಗಳು ಹೇಳಿದವು. ಉಚ್ಚರಿಸಲು ಸುಲಭವಾಗಿ, ಅರ್ಥ ಸ್ಪಷ್ಟವಾಗಿ, ಕೊನೆಯಲ್ಲಿ ದೀರ್ಘಸ್ವರವಿರಲಿ ಎಂದ ಮನು. ಹಿತ್ತಿಲಿನಿಂದ ಮಗುವನ್ನು ಕೂಗಿ ಕರೆದವರಿಗೆಲ್ಲ ಈ ದೀರ್ಘದ ಉಪಯೋಗ ಗೊತ್ತು. ಆದರೆ ಅದೇ ಮನು, ನಕ್ಷತ್ರ, ಮರ, ನದಿಗಳ ಹೆಸರು ಹೊತ್ತ ಕನ್ಯೆಯನ್ನು ವರಿಸಬಾರದೆಂದೂ ಬರೆದ. ನಮ್ಮ ಜನ ಮೊದಲ ಮಾತನ್ನು ಕೇಳಿದರು, ಎರಡನೆಯದನ್ನು ಕೇಳಲಿಲ್ಲ. ರೋಹಿಣಿ, ತುಳಸಿ, ಗಂಗೆ, ಕಾವೇರಿಯರು ಮನೆಮನೆಯಲ್ಲಿ ಹುಟ್ಟಿದರು, ಮದುವೆಯಾದರು, ಮನೆ ಬೆಳಗಿದರು.

ಜನ ಹಿಡಿದ ಆ ದಾರಿಯಲ್ಲೇ ನಾನೂ ಹೊರಟೆ. ಅರ್ಥವಿಲ್ಲದ ಇಂಪಾದ ಸದ್ದುಗಳನ್ನು ಜೋಡಿಸಿ, ಆಮೇಲೆ ಅದು ಲಕ್ಷ್ಮಿಯ ಹೆಸರೆಂದು ಸಮಾಧಾನ ಮಾಡಿಕೊಳ್ಳುವುದು ನನಗೆ ಒಗ್ಗದು. ನಮ್ಮ ನಾಡಿನಲ್ಲೇ ಇನ್ನೂ ಬಳಸದ ಭಂಡಾರವಿದೆ. ನದಿಗಳಲ್ಲಿ ಶಿರಸಿಯ ಸಹಸ್ರಲಿಂಗದ ಬಳಿ ಹರಿಯುವ ಶಾಲ್ಮಲಾ, ಶಿವಮೊಗ್ಗ ಜಿಲ್ಲೆಯ ಕುಮುದ್ವತಿ. ಹೂಗಳಲ್ಲಿ ಒಣಗಿದ ಮೇಲೂ ಕಂಪು ಬಿಡದ ಸುರಗಿ ಮತ್ತು ಬಕುಳ. ಅಚ್ಚಗನ್ನಡದಲ್ಲಿ ಸಿರಿ, ಇಂಚರ, ಇಬ್ಬನಿ. ವಚನಕಾರ್ತಿಯರಲ್ಲಿ ನೀಲಾಂಬಿಕೆ, ಮುಕ್ತಾಯಕ್ಕ. ಶಾಸನಗಳಲ್ಲಿ 11ನೆಯ ಶತಮಾನದಲ್ಲಿ ಕಿಸುಕಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿ. ಇವನ್ನೆಲ್ಲ ಬರೆದುಕೊಟ್ಟೆ. ಮಗಳು ಕೆಲವನ್ನು ಮೆಚ್ಚಿದಳು, ಕೆಲವಕ್ಕೆ ಗೆರೆ ಎಳೆದಳು. "ಅಕ್ಕಾದೇವಿ ಎಂದರೆ ಅವಳಿಗಿಂತ ದೊಡ್ಡವರೂ ಅಕ್ಕ ಎನ್ನಬೇಕಾಗುತ್ತದೆ" ಎಂದಳು. ಒಪ್ಪಿದೆ. ನಮ್ಮ ಪಾಂಡಿತ್ಯದ ಮೂಟೆಯನ್ನು ಮಗುವಿನ ಬೆನ್ನಿಗೆ ಕಟ್ಟುವುದು ಸರಿಯಲ್ಲ.

ಅವಸರವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೇ ಜನನವನ್ನು ದಾಖಲಿಸಿ, ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಕಾಯಿದೆಗೇ ಇಷ್ಟು ತಾಳ್ಮೆಯಿರುವಾಗ ನಮಗೇಕೆ ಆತುರ?

ಆ ದಿನಗಳಲ್ಲಿ ನನಗೆ ರನ್ನನ ನೆನಪಾಯಿತು. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಆ ಕವಿ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೂ, ಚಾವುಂಡರಾಯನ ನೆನಪಿಗೆ ಮಗನಿಗೆ ರಾಯ ಎಂದೂ ಹೆಸರಿಟ್ಟ. ಹೊಸ ಪದಗಳಿಗೆ ಬಡತನವಿಲ್ಲದ ಮಹಾಕವಿ ಮಕ್ಕಳಿಗೆ ಹೊಸ ಹೆಸರು ಹುಡುಕಲಿಲ್ಲ, ಋಣವನ್ನು ನೆನೆದ.

ನನ್ನ ಋಣ ಯಾರದು? ನನ್ನ ಸೋದರತ್ತೆಯ ಹೆಸರು ಸಾಕಮ್ಮ. ಬನವಾಸಿಯ ಕಡೆ, ವರದಾ ನದಿಯ ದಂಡೆಯ ಹಳ್ಳಿ ನಮ್ಮದು. ಅಜ್ಜನಿಗೆ ಸಾಲಾಗಿ ಹುಟ್ಟಿದ ನಾಲ್ಕನೆಯ ಹೆಣ್ಣು ಅವಳು. ಇನ್ನು ಹೆಣ್ಣು ಸಾಕು ಎಂದು ದೇವರಿಗೆ ತಿಳಿಸಲು ಇಟ್ಟ ಹೆಸರು ಅದು. ಅವಳ ಬೆನ್ನಿಗೆ ನನ್ನ ತಂದೆ ಹುಟ್ಟಿದರು. ಹೆಸರು ಫಲಿಸಿತೆಂದು ಮನೆಯವರು ಹಿಗ್ಗಿದರು. ಹೊತ್ತವಳು ಮಾತ್ರ ಅವಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು, ಆಮೇಲೆ ನಮ್ಮನ್ನೂ. ನಾನು ಎಂ.ಎ. ಮುಗಿಸಿ ಊರಿಗೆ ಹೋದಾಗ ಒಂದು ಸಂಜೆ, ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು: "ಅಷ್ಟೆಲ್ಲ ಓದಿದ್ದೀಯಲ್ಲ ಮಗಾ, ನನ್ನ ಹೆಸರಿಗೆ ಬೇರೆ ಅರ್ಥ ಏನಾದರೂ ಇದೆಯಾ?" ಸಾಕು ಎಂದರೆ ಸಲಹು ಎಂದೂ ಅರ್ಥವಿದೆ ಅತ್ತೆ, ಸಾಕಮ್ಮ ಎಂದರೆ ಸಾಕಿದ ತಾಯಿ ಎಂದೆ. ಅವಳ ಕೈ ಮೊರದಲ್ಲಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದು ಸಲ ಹೇಳು" ಎಂದಳು.

ಇದು ನಮ್ಮೊಂದು ಮನೆಯ ಕಥೆಯಲ್ಲ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡದವಳು' ಎಂಬ ಅರ್ಥದ ನಕೂಶಾ ಎಂಬ ಹೆಸರು ಹೊತ್ತ 280ಕ್ಕೂ ಹೆಚ್ಚು ಹುಡುಗಿಯರಿಗೆ 2011ರಲ್ಲಿ ಸಮಾರಂಭ ನಡೆಸಿ ಹೊಸ ಹೆಸರು ಕೊಟ್ಟರು. ಹೆಣ್ಣುಮಗುವಿಗೆ ಒಳ್ಳೆಯ ಹೆಸರು ಸಿಗಲಿಲ್ಲವೆಂದು ಇಂದು ತಾಯ್ತಂದೆಯರು ನಿದ್ದೆಗೆಟ್ಟು ಹುಡುಕುವುದನ್ನು ಕಂಡು ನಗಬೇಕಾಗಿಲ್ಲ. ಆ ಹುಡುಕಾಟವೇ ಆ ಮಗುವಿಗೆ ಸಿಕ್ಕ ಮೊದಲ ಗೌರವ.

ಅತ್ತೆಯ ಕಥೆಯನ್ನು ಮಗಳಿಗೆ ಹೇಳಿದೆ. ಅವಳು ಬಹಳ ಹೊತ್ತು ಕೂಸಿನ ಮುಖವನ್ನೇ ನೋಡುತ್ತ ಕುಳಿತಿದ್ದು, "ಅಜ್ಜಿ ಆಡಿ ಬೆಳೆದ ಹೊಳೆಯ ಹೆಸರೇ ಇರಲಿ" ಎಂದಳು. ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಹೊಳೆ ಅದು. ವರದಾ ಎಂದರೆ ವರ ಕೊಡುವವಳು. ಸಾಕೆನ್ನಿಸಿಕೊಂಡು ಹುಟ್ಟಿದವಳ ಮನೆಯಲ್ಲಿ ಈಗ ಹೆಣ್ಣು ಬೇಡುವವಳಲ್ಲ, ಕೊಡುವವಳು.

ಮುಂದೆ ಇವಳ ತರಗತಿಯಲ್ಲಿಯೂ ಇನ್ನೊಬ್ಬ ವರದಾ ಸಿಗಬಹುದು. ಸಿಗಲಿ. ಹೆಸರು ಇಬ್ಬರದಾದರೂ ಅದು ಬಂದ ದಾರಿ ಇವಳೊಬ್ಬಳದೇ. ಆ ದಾರಿಯನ್ನು ಅವಳಿಗೆ ಹೇಳಿಕೊಡುವ ಕೆಲಸ ನನಗೆ ಉಳಿದಿದೆ. ಕೂಸು ಬೇಗ ಮಾತು ಕಲಿಯಲಿ ಎಂದು ಕಾಯುತ್ತಿದ್ದೇನೆ.