ಜಾಮೀನು ಮತ್ತು ಜೇಬಿನೊಳಗಿನ ಕಾವಲು



ದಾರಿ ತಿಳಿಯದಾಗ ನೀವು ಮೊಬೈಲಿನಲ್ಲಿ ಗೂಗಲ್ ಮ್ಯಾಪ್ ನೋಡುತ್ತೀರಿ, ಗೆಳೆಯರಿಗೆ ಲೊಕೇಶನ್ ಕಳಿಸುತ್ತೀರಿ. ಅದು ನಿಮ್ಮ ಇಷ್ಟ. ಅದನ್ನೇ ನ್ಯಾಯಾಲಯ ಜಾಮೀನಿನ ಷರತ್ತಾಗಿ ವಿಧಿಸಿದರೆ?

2022ರಲ್ಲಿ ದೆಹಲಿ ಹೈಕೋರ್ಟ್, ಮಾದಕ ವಸ್ತು ಪ್ರಕರಣವೊಂದರಲ್ಲಿ ನೈಜೀರಿಯಾದ ಪ್ರಜೆಯೊಬ್ಬನಿಗೆ ಜಾಮೀನು ಕೊಡುವಾಗ ಹೀಗೇ ಮಾಡಿತು. ಆತ ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ, ತಾನಿರುವ ಜಾಗ ತನಿಖಾಧಿಕಾರಿಗೆ ಸಿಗುವಂತೆ ಮಾಡಬೇಕಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಗೂಗಲ್ ಕಂಪನಿಯನ್ನೇ ಕೇಳಲಾಯಿತು. ಪಿನ್ ಹಂಚುವುದು ಬಳಸುವವನ ಕೈಯಲ್ಲೇ ಇದೆ, ಅದರಿಂದ ಓಡಾಟ ಕ್ಷಣಕ್ಷಣಕ್ಕೆ ತಿಳಿಯದು ಎಂದು ಕಂಪನಿ ಉತ್ತರಿಸಿತು. ಷರತ್ತು ಹಾಕುವ ಮೊದಲೇ ಇದನ್ನು ವಿಚಾರಿಸಬಹುದಿತ್ತಲ್ಲವೇ!

2024ರ ಜುಲೈ 8ರಂದು ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಆ ಷರತ್ತನ್ನು ತೆಗೆದುಹಾಕಿದರು. ಓಕಾ ಅವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಆರೋಪಿಯ ಪ್ರತಿ ಹೆಜ್ಜೆಯ ಮೇಲೆ ಪೊಲೀಸರು ಕಣ್ಣಿಡುವಂತಾದರೆ, ಜಾಮೀನು ಸಿಕ್ಕರೂ ಅದು ಒಂದು ಬಗೆಯ ಬಂಧನವೇ. ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿಗೆ ಅದು ವಿರುದ್ಧ ಎಂಬುದು ತೀರ್ಪಿನ ಸಾರ. ಆ ಹಕ್ಕನ್ನು 2017ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಎತ್ತಿಹಿಡಿದಿತ್ತು. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ.

ಇಷ್ಟಕ್ಕೇ ವಿಷಯ ಮುಗಿಯಲಿಲ್ಲ. 2023ರ ನವೆಂಬರ್‌ನಲ್ಲಿ ಜಮ್ಮುವಿನ ವಿಶೇಷ ನ್ಯಾಯಾಲಯದ ಆದೇಶದಂತೆ, ಯುಎಪಿಎ ಕಾಯ್ದೆಯ ಆರೋಪಿಯೊಬ್ಬನ ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟಿ ಹೊರಗೆ ಬಿಡಲಾಗಿತ್ತು. ಪಿನ್ನನ್ನು ಹಾಕದೆ ಇರಬಹುದು, ಕಾಲಿನ ಪಟ್ಟಿಯನ್ನು ಬಿಚ್ಚುವಂತಿಲ್ಲ. ಅದನ್ನು ಕಟ್ಟಿಕೊಂಡವನಿಗೆ ಯಾರು ಕೆಲಸ ಕೊಟ್ಟಾರು? ಅವನ ಮೇಲಿನ ಆರೋಪ ಇನ್ನೂ ಸಾಬೀತಾಗಿರುವುದಿಲ್ಲ ಎಂಬುದನ್ನು ಮರೆಯಬೇಡಿ.

ಜಾಮೀನುದಾರರು ಸಿಗದೆ ಜೈಲಿನಲ್ಲೇ ಕೊಳೆಯುವ ಬಡವನಿಗೆ ಪಟ್ಟಿಯೇ ಮೇಲಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಬಡವನ ಜಾಮೀನಿನ ಮೊತ್ತ ಅವನ ಶಕ್ತಿಗೆ ಮೀರಿರಬಾರದೆಂದು 1978ರ ಮೋತಿರಾಮ್ ಪ್ರಕರಣದಲ್ಲೇ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತಿಳಿಸಿದ್ದರು. ಅದನ್ನು ಪಾಲಿಸಿದರೆ ಎಷ್ಟೋ ಮಂದಿಗೆ ಪಟ್ಟಿಯ ಮಾತೇ ಬಾರದು.

ನಿಮ್ಮ ನೆರೆಹೊರೆಯಲ್ಲಿ ಯಾರಿಗಾದರೂ ಜಾಮೀನು ಸಿಕ್ಕರೆ, ಸಂತೋಷದ ಗಡಿಬಿಡಿಯಲ್ಲಿ ಆದೇಶದ ಪ್ರತಿಯನ್ನು ಮಡಚಿ ಇಟ್ಟುಬಿಡುತ್ತಾರೆ. ನೀವು ಓದಬಲ್ಲವರು, ಕೊನೆಯಲ್ಲಿರುವ ಷರತ್ತುಗಳನ್ನು ಅವರಿಗೆ ಓದಿ ಹೇಳಿ. ಷರತ್ತು ಅತಿಯೆನಿಸಿದರೂ ತಾವಾಗಿಯೇ ಮುರಿಯುವುದು ಬೇಡ, ಜಾಮೀನು ರದ್ದಾದೀತು. ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಷರತ್ತನ್ನು ಸಡಿಲಿಸಲು ಕೇಳಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಅವರನ್ನು ಕರೆದುಕೊಂಡು ಹೋಗಿ.